ಗುರುವಾರದ ಹಲ್ಲುನೋವು

ಇಷ್ಟಕ್ಕೆಲ್ಲ ಕಾರಣ ಒಂದು ಲೋಟ ಕಾಫಿ. ಅದೂ ಇನ್ನೂ ಕುಡಿಯದೆ ಇದ್ದ ಕಾಫಿ.

ಬೇಬಿಗೆ ಐವತ್ತೆರಡು ತುಂಬಿತ್ತು. ನೂರಿಪ್ಪತ್ತು ಹುಡುಗಿಯರಿರುವ ಹಾಸ್ಟೆಲಿಗೆ ಅವಳು ವಾರ್ಡನ್. ಅಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಜೋರಾಗಿ ನಗುತ್ತಿದ್ದ ಹುಡುಗಿಯರೂ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದತೊಡಗುತ್ತಿದ್ದರು. ಆದರೆ ಹುಟ್ಟಿದೂರಿನಲ್ಲಿ ಬಸ್ಸಿಳಿದ ಕೂಡಲೇ ಅವಳು ಮತ್ತೆ ಬೇಬಿಯೇ. ಸ್ವೆಟರ್ ಹಾಕಿಕೊಂಡೆಯಾ, ಸ್ನಾನ ಆಯಿತಾ ಎಂದು ಕೇಳಿಸಿಕೊಳ್ಳುವ ಬೇಬಿ.

ಹಾಸ್ಟೆಲಿನ ನೀರಿನ ಟ್ಯಾಂಕು ತೊಳೆಯಲು ಎರಡು ದಿನ ರಜೆ ಕೊಟ್ಟಿದ್ದರು. ಬುಧವಾರ ಸಂಜೆ ಅಣ್ಣನ ಮನೆಗೆ ಬಂದವಳು ಶುಕ್ರವಾರ ಬೆಳಗಿನ ಆರು ಗಂಟೆಯ ಬಸ್ಸಿಗೆ ಹೊರಡಬೇಕು. ನಡುವೆ ಇದ್ದದ್ದು ಒಂದೇ ಒಂದು ಗುರುವಾರ. ಆ ಗುರುವಾರಕ್ಕಾಗಿ ಬಸ್ಸಿನಲ್ಲೇ ಅವಳೊಂದು ಪಟ್ಟಿ ಮಾಡಿಕೊಂಡಿದ್ದಳು. ಮಾರ್ಕೆಟ್ ರಸ್ತೆಯ ಬೇಕರಿಯಲ್ಲಿ ಬೆಣ್ಣೆ ಹಚ್ಚಿದ ಬನ್ನು. ಆಮೇಲೆ ಬಸ್‌ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮೀಸೆ ಯಜಮಾನರ ಅಂಗಡಿಯ ಕಾಫಿ.

ಆ ಅಂಗಡಿಯಲ್ಲಿ ನಾಲ್ಕೇ ಮೇಜು. ಯಜಮಾನರು ಬೀಜವನ್ನು ತಾವೇ ಹುರಿದು, ತಾವೇ ಪುಡಿ ಮಾಡಿ, ಸರಿಯಾಗಿ ನಾಲ್ಕು ಗಂಟೆಗೆ ಮೊದಲ ಡಿಕಾಕ್ಷನ್ ಇಳಿಸುತ್ತಿದ್ದರು. ಅದು ಮುಗಿದ ಮೇಲೆ ಬಂದವರಿಗೆ ಎರಡನೆಯದು. ಎರಡನೆಯದನ್ನು ಕುಡಿದವರು ಕಾಫಿ ಕುಡಿದೆವು ಎಂದು ಹೇಳಿಕೊಳ್ಳಬಹುದಿತ್ತು, ಅಷ್ಟೇ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಟೈಪಿಂಗ್ ಕ್ಲಾಸು ಮುಗಿಸಿ ಬಂದು ಬೇಬಿ ಕಿಟಕಿ ಪಕ್ಕದ ಮೇಜಿನಲ್ಲಿ ಅರ್ಧ ಗಂಟೆ ಕೂರುತ್ತಿದ್ದಳು. ಅಲ್ಲಿ ಕೂತು ಏನೂ ಯೋಚಿಸುತ್ತಿರಲಿಲ್ಲ. ಯಾರೂ ಕರೆಯುತ್ತಿರಲಿಲ್ಲ. ಅದೇ ಅದರ ಸುಖವಾಗಿತ್ತು ಎಂದು ಗೊತ್ತಾಗಲು ಅವಳಿಗೆ ಮೂವತ್ತು ವರ್ಷ ಬೇಕಾಯಿತು. ಮದುವೆಯಾದ ಮೇಲೆ ಗಂಡನಿಗೆ, ಅತ್ತೆಗೆ, ಮಕ್ಕಳಿಗೆ, ಬಂದು ಹೋಗುವವರಿಗೆ ಕಾಫಿ ಕೊಟ್ಟು ತನ್ನ ಲೋಟ ಎತ್ತಿಕೊಳ್ಳುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿ, ಅದು ಆರಿ, ಪಾಚಿಗಟ್ಟಿದ ಕೆರೆಯ ಹಾಗೆ ನಿಂತಿರುತ್ತಿತ್ತು. ಬೇರೆಯವರು ಮಾಡಿದ ಬಿಸಿ ಕಾಫಿಯನ್ನು ಒಬ್ಬಳೇ ಕೂತು ಕುಡಿಯಬೇಕು. ಒಂದೇ ಲೋಟ ಸಾಕು. ಅವಳ ಆಸೆ ಇಷ್ಟೇ.

ಇಷ್ಟು ಸಣ್ಣ ಆಸೆಗೆ ಅಡ್ಡ ಇದ್ದದ್ದು ಅಣ್ಣ. ಅವನು ಆಹಾರ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಊರಿನ ಪ್ರತಿ ಹೋಟೆಲಿನ ಅಡುಗೆಮನೆಯನ್ನೂ ಕಂಡವನು. ಪ್ರತಿಯೊಂದಕ್ಕೂ ಅವನ ಬಳಿ ಒಂದು ಜಿರಳೆಯ ಕತೆ ಇತ್ತು. ಪತ್ರಿಕೆಯಲ್ಲಿ ಎಲ್ಲಿ ಯಾರ ಹೊಟ್ಟೆ ಕೆಟ್ಟರೂ ಆ ಸುದ್ದಿಯನ್ನು ಕತ್ತರಿಸಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಫೈಲಿಗೆ ಸೇರಿಸುತ್ತಿದ್ದ. ಅವನ ಮನೆಯವರು ಹೊರಗೆ ತಿನ್ನುವುದೆಂದರೆ ನ್ಯಾಯಾಧೀಶರ ಮನೆಯವರು ಜೇಬುಗಳ್ಳತನಕ್ಕೆ ಇಳಿದ ಹಾಗೆ. ಕಳೆದ ಸಲ ಬೇಬಿ ಬಾಯಿ ತಪ್ಪಿ ಬೇಕರಿಯ ಹೆಸರೆತ್ತಿದಾಗ ಅತ್ತಿಗೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಮ್ಮ ಮನೆ ಅಡುಗೆ ರುಚಿಸಲಿಲ್ಲವಂತೆ ಎಂದು ಫೋನಿನಲ್ಲಿ ಬಳಗಕ್ಕೆಲ್ಲ ತಿಳಿಸಿದ್ದಳು. ರುಚಿಸುವುದು ಹೇಗೆ? ಅಣ್ಣನ ಅಪ್ಪಣೆಯಂತೆ ಆ ಮನೆಯ ಕಾಫಿಗೆ ಸಕ್ಕರೆ ಇಲ್ಲ, ಕೆನೆ ತೆಗೆದ ಹಾಲು, ಪುಡಿಯೋ ಚಿಟಿಕೆಯಷ್ಟು. ಅದನ್ನು ಕಾಫಿ ಎಂದು ಕರೆಯಲು ದೊಡ್ಡ ಮನಸ್ಸು ಬೇಕಿತ್ತು.

ಗುರುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಅಣ್ಣ ಫೈಲು ತಂದ. ಇವತ್ತಿಡೀ ಪುರುಸೊತ್ತಾಗಿ ನೋಡೋಣ, ಸೋಮವಾರವಾಗಿದ್ದರೆ ಮಂಡಿನೋವಿಗೆ ಕರೆಂಟು ಕೊಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕಿತ್ತು, ಇವತ್ತು ಎಲ್ಲೂ ಹೋಗುವುದಿಲ್ಲ ಎಂದ. ಫೈಲಿನ ದಪ್ಪ ನೋಡಿ ಬೇಬಿ ಗಾಬರಿಯಾದಳು. ಆ ಗಾಬರಿಯಲ್ಲಿ, ಹಾಸ್ಟೆಲಿನ ಹುಡುಗಿಯರು ವರ್ಷಕ್ಕೆ ಇನ್ನೂರು ಸಲ ಹೇಳುವ ಸುಳ್ಳು ಅವಳ ಬಾಯಿಂದ ತಾನಾಗಿಯೇ ಜಾರಿತು.

"ಅಣ್ಣ, ರಾತ್ರಿಯಿಂದ ಯಾಕೋ ಹಲ್ಲುನೋವು. ಮಧ್ಯಾಹ್ನ ಡಾಕ್ಟ್ರ ಹತ್ರ ಹೋಗಿ ಬಂದುಬಿಡ್ತೀನಿ."

ಸುಳ್ಳಿನ ಮೊದಲ ಫಲ ಕೂಡಲೇ ಸಿಕ್ಕಿತು. ಅವಳ ಮುಂದಿದ್ದ ಬಿಸಿ ತಿಂಡಿಯ ತಟ್ಟೆಯನ್ನು ಅತ್ತಿಗೆ ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ತಣ್ಣನೆಯ ಗಂಜಿ ಇಟ್ಟಳು. ಅಣ್ಣ ನಾಲ್ಕು ಲವಂಗ ತಂದು ಅಂಗೈಗೆ ಹಾಕಿದ.

"ಒಬ್ಬಳೇ ಯಾಕೆ ಹೋಗ್ತೀಯಾ? ನಿನ್ನತ್ತಿಗೇನೂ ಎರಡು ವರ್ಷದಿಂದ ಪ್ರತಿ ಗುರುವಾರ ಹಲ್ಲಿಗೆ ಹೋಗ್ತಾಳೆ. ಒಂದೊಂದೇ ಹಲ್ಲು ನೋಡ್ತಾರಂತೆ. ಇಬ್ರೂ ಜೊತೇಲೇ ಹೋಗಿ ಬನ್ನಿ," ಎಂದ.

ಅತ್ತಿಗೆಯ ಕೈಯಿಂದ ಚಮಚ ಕೆಳಗೆ ಬಿತ್ತು. "ಬೇಡ. ನನ್ನ ಡಾಕ್ಟ್ರ ಕೈ ಸ್ವಲ್ಪ ಒರಟು. ಬೇಬಿಗೆ ತಡೆಯೋಕಾಗಲ್ಲ."

"ಹಾಗಾದ್ರೆ ನೀನ್ಯಾಕೆ ಹೋಗ್ತೀಯಾ?"

"ನನಗೆ ಅಭ್ಯಾಸ ಆಗಿದೆ," ಎಂದು ಅತ್ತಿಗೆ ಬಗ್ಗಿ ಚಮಚ ಹುಡುಕತೊಡಗಿದಳು.

ಬೇಬಿಗೆ ಸಮಾಧಾನವಾಯಿತು. ಅತ್ತಿಗೆ ಜೊತೆಗೆ ಬರದಿದ್ದರೆ ಅಷ್ಟೇ ಸಾಕಿತ್ತು. ಸುಳ್ಳು ಹೇಳುವ ಹುಡುಗಿಯ ಕಿವಿ ಕೆಂಪಾಗುವುದನ್ನು ಇಪ್ಪತ್ತು ಅಡಿ ದೂರದಿಂದ ಗುರುತಿಸುವ ವಾರ್ಡನ್, ಆ ಹೊತ್ತಿನಲ್ಲಿ ತನ್ನ ಕಿವಿಯ ಚಿಂತೆಯಲ್ಲೇ ಮುಳುಗಿದ್ದಳು.

ಆದರೆ ಹಿಂದಿನ ಸಂಜೆ ಅವಳೇ ಒಂದು ತಪ್ಪು ಮಾಡಿಟ್ಟಿದ್ದಳು. ಕಳ್ಳ ಹುಡುಗಿಯರನ್ನು ತಾನು ಹೇಗೆ ಹಿಡಿಯುತ್ತೇನೆ ಎಂದು ಊಟಕ್ಕೆ ಕೂತು ಜಂಬದಿಂದ ವಿವರಿಸಿದ್ದಳು. ಹಲ್ಲುನೋವು ಎಂದವಳ ಜೊತೆ ದೊಡ್ಡವರೊಬ್ಬರನ್ನು ಕಳಿಸುವುದು, ವಾಪಸು ಬರುವಾಗ ಡಾಕ್ಟರ ಚೀಟಿ ತರಿಸುವುದು. ಇದು ಅವಳೇ ಮಾಡಿದ ನಿಯಮ. ಅತ್ತಿಗೆ ಅದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡಿದ್ದಳು.

ಎರಡೂವರೆಗೆ ಬೇಬಿ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದರೆ ಅಲ್ಲಿ ಪಕ್ಕದ ಮನೆಯ ನರ್ಸಮ್ಮ ಛತ್ರಿ ಹಿಡಿದು ನಿಂತಿದ್ದರು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಮೇಲೆ ರೋಗಿಗಳಿಲ್ಲದೆ ಅವರು ಸೊರಗಿ ಹೋಗಿದ್ದರು. ಬೀದಿಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಅವರ ಮುಖದಲ್ಲಿ ಕಳೆ ಬರುತ್ತಿತ್ತು.

"ನೀನೇ ಹೇಳಿದ್ಯಲ್ಲ ನಿನ್ನೆ, ಜೊತೆಗೆ ಯಾರಾದ್ರೂ ಹೋಗಬೇಕು ಅಂತ," ಎಂದಳು ಅತ್ತಿಗೆ ಸಕ್ಕರೆಯಂಥ ದನಿಯಲ್ಲಿ. "ಮಾರ್ಕೆಟ್ ರಸ್ತೆ ಡಾಕ್ಟ್ರ ಹತ್ರಾನೇ ಕರ್ಕೊಂಡ್ಹೋಗಿ ನರ್ಸಮ್ಮ. ಬೇರೆ ಕಡೆ ಬೇಡ. ಚೀಟಿ ತರೋದು ಮರೀಬೇಡಿ."

ದಾರಿಯಲ್ಲಿ ಬೇಬಿ ತಪ್ಪಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ನೋವು ಹೋಗಿಬಿಟ್ಟಿದೆ ಎಂದಳು. ಹಾಗಿದ್ದರೆ ನರವೇ ಸತ್ತಿರಬೇಕು, ಅದು ಇನ್ನೂ ಅಪಾಯ ಎಂದು ನರ್ಸಮ್ಮ ಹೆಜ್ಜೆ ಜೋರು ಮಾಡಿದರು. ನಿಮಗೆ ಬೆನ್ನುನೋವಲ್ಲವೇ, ಸೊಂಟಕ್ಕೆ ಬೆಲ್ಟು ಬೇರೆ ಕಟ್ಟಿದ್ದೀರಿ, ಇಷ್ಟು ದೂರ ಯಾಕೆ ನಡೆಯುತ್ತೀರಿ ಎಂದಳು. ಆ ಬೆನ್ನಿಗೆ ಬೇರೆ ದಿನವಿದೆ, ಅದರ ಚಿಂತೆ ನಿನಗೆ ಬೇಡ ಎಂದು ಅವರು ಕುದುರೆಯ ಹಾಗೆ ಮುಂದೆ ನಡೆದರು. ಎದುರಿಗೆ ಸಿಕ್ಕ ಟೈಲರಮ್ಮನಿಗೂ, ಹೂವಿನ ಅಂಗಡಿಯ ಅಜ್ಜಿಗೂ ನಿಂತು ವರದಿ ಒಪ್ಪಿಸಿದರು. ಟೈಲರಮ್ಮ ಉಪ್ಪುನೀರು ಎಂದಳು. ಅಜ್ಜಿ ತನಗೆ ಉಳಿದಿದ್ದ ಎರಡು ಹಲ್ಲನ್ನು ತೋರಿಸಿ, ಕಿತ್ತುಹಾಕಿಸು ಮಗಳೇ, ಬಹಳ ಆರಾಮ ಎಂದಳು.

ಹೇಗೂ ಮಾರ್ಕೆಟ್ ರಸ್ತೆಗೇ ಹೋಗುತ್ತಿದ್ದೇವೆ, ಬೇಕರಿಯನ್ನಾದರೂ ಕಣ್ಣಿಂದ ನೋಡಬಹುದು ಎಂದು ಬೇಬಿ ಸಮಾಧಾನ ಮಾಡಿಕೊಂಡಳು. ನೋಡಿದ್ದೂ ಆಯಿತು. ಬೇಕರಿಯ ಹಳೆಯ ಕಲ್ಲಿನ ಮೆಟ್ಟಿಲು ಹಾಗೇ ಇತ್ತು. ಮೇಲೆ ಬನ್ನಿನ ಚಿತ್ರವಿದ್ದ ಕಡೆ ಈಗ ಒಂದು ದೊಡ್ಡ ಬಿಳೀ ಹಲ್ಲು ನಗುತ್ತಿತ್ತು.

ಹಲ್ಲಿನ ಡಾಕ್ಟರು ಬೇಕರಿಯವರ ಮಗಳೇ. ಮೊದಲು ಒಲೆ ಇದ್ದ ಜಾಗದಲ್ಲಿ ಕುರ್ಚಿ ಹಾಕಿಸಿದ್ದಳು. ನರ್ಸಮ್ಮನ ದಾಕ್ಷಿಣ್ಯಕ್ಕೆ ಸಾಲಿನಲ್ಲಿದ್ದ ಮೂವರನ್ನು ಬಿಟ್ಟು ಬೇಬಿಯನ್ನೇ ಮೊದಲು ಕರೆದು ಮಲಗಿಸಿದಳು.

"ಅಪ್ಪನ ಬನ್ನು ತಿಂದೋರ ಹಲ್ಲೆಲ್ಲ ಕೊನೆಗೆ ನನ್ನ ಹತ್ರಾನೇ ಬರ್ತವೆ ಆಂಟಿ," ಎಂದು ನಗುತ್ತಾ ಬಾಯಿಗೆ ದೀಪ ಬಿಟ್ಟಳು. "ಎಲ್ಲಿ ನೋವು?"

ಬೇಬಿ ತೋಚಿದ ಕಡೆ, ಎಡಗಡೆ ತೋರಿಸಿದಳು. ಏನೂ ಇಲ್ಲ, ನಡೆಯಿರಿ ಎಂದುಬಿಟ್ಟರೆ ಸಾಕು, ನಾಲ್ಕು ಗಂಟೆಗೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಡಾಕ್ಟರು ಬಹಳ ಹೊತ್ತು ಇಣುಕಿದಳು. ಎಡಗಡೆ ಮುತ್ತಿನ ಹಾಗಿದೆ ಎಂದಳು. ಬೇಬಿ ಎದ್ದು ಕೂರಲು ಹೊರಟಳು. ಆದರೆ ಬಲಗಡೆ ಹಿಂದಿನದು ಪೂರಾ ಹುಳುಕು, ಪುಣ್ಯಕ್ಕೆ ಇವತ್ತೇ ಬಂದಿರಿ ಎಂದು ಡಾಕ್ಟರು ಅವಳನ್ನು ಮತ್ತೆ ಒರಗಿಸಿದಳು. ನರ್ಸಮ್ಮ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡರು. ಅಂಥ ಹಿಡಿತ ಮೂವತ್ತೈದು ವರ್ಷದ ಅನುಭವದಿಂದಷ್ಟೇ ಬರುತ್ತದೆ.

ಮರಗಟ್ಟುವ ಇಂಜೆಕ್ಷನ್ ಆಯಿತು. ಕೊರೆಯುವುದು ಆಯಿತು. ಸಿಮೆಂಟು ತುಂಬುವುದೂ ಆಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದಾಗ ಬೇಬಿಯ ಕಣ್ಣಿಂದ ಒಂದು ಹನಿ ಜಾರಿ ಕಿವಿಯೊಳಗೆ ಹೋಯಿತು. ಇಷ್ಟು ನೋವಾ ಆಂಟಿ ಎಂದು ಡಾಕ್ಟರು ಕೇಳಿದಳು. ನೋವು ಎಲ್ಲಿ ಎಂದು ಬೇಬಿ ಯಾವ ಬಾಯಲ್ಲಿ ಹೇಳಬೇಕು?

ಎರಡು ಗಂಟೆ ಬಿಸಿಯಾದ್ದನ್ನು ಮುಟ್ಟಬಾರದು ಎಂದು ಬರೆದ ಚೀಟಿಯನ್ನು ಅವಳ ಕೈಗೆ ಕೊಟ್ಟರು. ಹೊರಗಿನ ಬೆಂಚಿನಲ್ಲಿ ಕೆನ್ನೆ ಚೆಂಡಿನ ಹಾಗೆ ಊದಿಸಿಕೊಂಡ ಪೋಸ್ಟ್‌ಮ್ಯಾನ್ ಒಬ್ಬ ಕೂತಿದ್ದ. ಅವನನ್ನು ಕಂಡದ್ದೇ ನರ್ಸಮ್ಮನ ಕಣ್ಣು ಹೊಳೆಯಿತು. ಬೇಬಿಗಿಂತ ಎಷ್ಟೋ ಒಳ್ಳೆಯ ರೋಗಿ. ಅವರು ಅವನ ಪಕ್ಕ ಕೂತು ಜ್ವರ ಇದೆಯಾ ಎಂದು ಹಣೆ ಮುಟ್ಟುತ್ತಿದ್ದ ಹೊತ್ತಿಗೆ, ಬೇಬಿ ಹಾಸ್ಟೆಲಿನ ಹಿಂಬಾಗಿಲಿಂದ ನುಸುಳುವ ಹುಡುಗಿಯ ಹಾಗೆ ಮೆಟ್ಟಿಲಿಳಿದು ಬಿರಬಿರನೆ ನಡೆದಳು.

ಗಲ್ಲಿಯ ತುದಿಗೇ ಹುರಿದ ಬೀಜದ ಪರಿಮಳ ಅವಳನ್ನು ಎದುರುಗೊಂಡಿತು. ಮುಖದ ಅರ್ಧ ತನ್ನದಲ್ಲ ಎನಿಸುತ್ತಿದ್ದರೂ ಮೂಗು ತನ್ನದೇ ಇತ್ತು. ಮೀಸೆ ಯಜಮಾನರ ಮೀಸೆ ಬೆಳ್ಳಗಾಗಿತ್ತು, ಉಳಿದದ್ದೆಲ್ಲ ಹಾಗೇ.

"ಒಂ ಕಾಹಿ," ಎಂದಳು ಬೇಬಿ.

ಯಜಮಾನರು ಅವಳ ಗುರುತು ಹಿಡಿಯಲಿಲ್ಲ, ಆದರೆ ಮಾತು ಹಿಡಿದರು. "ಪುಣ್ಯ ಮಾಡಿದ್ರಿ. ಮೊದಲ ಡಿಕಾಕ್ಷನ್‌ನಲ್ಲಿ ಇದೇ ಕೊನೇ ಲೋಟ. ಕಿಟಕಿ ಹತ್ರ ಕೂತ್ಕೊಳ್ಳಿ, ಅಲ್ಲಿ ಒಬ್ರು ಇದ್ದಾರೆ, ನಮ್ಮ ಖಾಯಂ ಗಿರಾಕಿ. ಏನೂ ಅಂದ್ಕೊಳ್ಳಲ್ಲ."

ಕಿಟಕಿಯ ಪಕ್ಕ ಕಾಲ ಮೇಲೆ ಕಾಲು ಹಾಕಿಕೊಂಡು, ಚಪ್ಪಲಿ ಬಿಚ್ಚಿಟ್ಟು, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಬೆಣ್ಣೆ ಬಿಸ್ಕತ್ತು ಹಿಡಿದು, ಏನೂ ಯೋಚಿಸದೆ ಹೊರಗೆ ನೋಡುತ್ತಾ ಕೂತಿದ್ದವಳು ಅತ್ತಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಿಸ್ಕತ್ತಿನ ನೆನೆದ ತುದಿ ಮುರಿದು ಕಾಫಿಯೊಳಗೆ ಬಿತ್ತು.

"ನಿಂಗೆ ನಿಜವಾಗ್ಲೂ ಹಲ್ಲುನೋವಾ?" ಎಂದು ಅತ್ತಿಗೆ ಕೊನೆಗೆ ಕೇಳಿದಳು.

ಬೇಬಿ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅತ್ತಿಗೆಯ ಬಾಯಿಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಳು.

"ನನಗೆಲ್ಲಿಯ ನೋವು? ಕಲ್ಲು ಅಗೀತೀನಿ. ಎರಡು ವರ್ಷದಿಂದ ಗುರುವಾರ ಗುರುವಾರ ಇಲ್ಲೇ ಹಲ್ಲು ತೋರಿಸ್ತಿರೋದು." ಅತ್ತಿಗೆ ದನಿ ತಗ್ಗಿಸಿದಳು. "ನಿಮ್ಮಣ್ಣನಿಗೆ ನಾನು ಹೇಳಿರೋ ಆ ಡಾಕ್ಟ್ರ ಮುಖಾನೇ ನೋಡಿಲ್ಲ ಕಣೇ. ನೀನು ಅಲ್ಲಿಗೆ ಹೋಗಿ, ನಮ್ಮತ್ತಿಗೆ ಹಲ್ಲು ಹೇಗಿದೆ ಅಂತ ಕೇಳಿಬಿಟ್ಟಿದ್ರೆ? ಅದಕ್ಕೇ ನರ್ಸಮ್ಮನ್ನ ಹಿಡಿದು ಮಾರ್ಕೆಟ್ ರಸ್ತೆ ಕಡೆ ಸಾಗಹಾಕಿದೆ. ನೀನು ಸುಳ್ಳು ಹೇಳ್ತಿದ್ದೀಯ ಅಂತ ನಂಗೇನು ಗೊತ್ತು? ವಾರ್ಡನ್ ಅಲ್ವಾ ನೀನು."

ಬೇಬಿಗೆ ಸಿಟ್ಟು ಬರಬೇಕಿತ್ತು. ಆದರೆ ಬಿಚ್ಚಿಟ್ಟ ಆ ಚಪ್ಪಲಿಗಳನ್ನು ನೋಡಿದಾಗ ಸಿಟ್ಟು ಬರಲಿಲ್ಲ. ಈ ಮೂವತ್ತು ವರ್ಷದಲ್ಲಿ ಅತ್ತಿಗೆ ಹೀಗೆ ಆರಾಮಾಗಿ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಆ ಮನೆಯಲ್ಲಿ ಇನ್ನೊಬ್ಬಳ ಕಾಫಿಯೂ ಆರುತ್ತಿರಬಹುದು ಎಂದು ಅವಳಿಗೆ ತೋಚಿರಲೂ ಇಲ್ಲ.

ಕಾಫಿ ಬಂತು. ಬಂಗಾರದ ಬಣ್ಣದ ನೊರೆ, ತೆಳ್ಳನೆಯ ಹಬೆ, ಲೋಟದ ಅಂಚಿಗೆ ಒಂದು ಗುಳ್ಳೆ. ಬೇಬಿ ಮೊದಲು ಚೀಲದಲ್ಲಿದ್ದ ಚೀಟಿಯನ್ನು ನೆನೆದಳು, ಆಮೇಲೆ ಆ ನೆನಪನ್ನು ತಳ್ಳಿದಳು. ಎರಡೂ ಕೈಯಿಂದ ಲೋಟ ಎತ್ತಿ, ಕಣ್ಣು ಮುಚ್ಚಿ, ಒಂದು ದೊಡ್ಡ ಗುಟುಕು ತೆಗೆದುಕೊಂಡಳು. ಬಾಯಿಗೆ ಬಿಸಿಯೂ ತಿಳಿಯಲಿಲ್ಲ, ರುಚಿಯೂ ತಿಳಿಯಲಿಲ್ಲ. ಕಣ್ಣು ತೆರೆದು ನೋಡಿದರೆ ಆ ಗುಟುಕು ಮರಗಟ್ಟಿದ ತುಟಿಯ ಬಲಗಡೆಯಿಂದ ಶಾಂತವಾಗಿ ಹೊರಗೆ ಹರಿದು, ಗದ್ದದಿಂದ ಇಳಿದು, ತಿಳಿಹಳದಿ ಸೀರೆಯ ಮೇಲೆ ಊರಿನ ನಕಾಶೆ ಬರೆಯುತ್ತಿತ್ತು.

ಇನ್ನೆರಡು ಸಲ ಪ್ರಯತ್ನಿಸಿದಳು. ಆಗ ಅತ್ತಿಗೆ ಮೆಲ್ಲಗೆ ಲೋಟವನ್ನು ಅವಳ ಕೈಯಿಂದ ಬಿಡಿಸಿಕೊಂಡಳು. ಮೊದಲ ಡಿಕಾಕ್ಷನ್ನು, ಸುಮ್ಮನೆ ಸೀರೆಗೆ ಯಾಕೆ ಎಂದು ಹೇಳಿ ತಾನೇ ಕುಡಿದು ಮುಗಿಸಿ, ಕೈ ತೊಳೆಯಲು ಎದ್ದಳು.

ನೆಲದ ಮೇಲೆ ಚೆಲ್ಲಿದ್ದನ್ನು ಒರೆಸಲು ಬೇಬಿ ಬಗ್ಗಿದಳು. ಅಲುಗಾಡುವ ಮೇಜಿನ ಕಾಲಿನಡಿಗೆ ಯಾರೋ ಪತ್ರಿಕೆಯ ತುಂಡೊಂದನ್ನು ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದರು. ಮಡಿಕೆಯ ಹೊರಗೆ ಕೆಂಪು ಪೆನ್ಸಿಲಿನ ಗೆರೆ ಕಾಣುತ್ತಿತ್ತು. "ಅದನ್ನ ತೆಗೀಬೇಡಿ," ಎಂದರು ಯಜಮಾನರು. "ಸೋಮವಾರದ ಗಿರಾಕಿಯೊಬ್ರು ಇಟ್ಟಿದ್ದು." ಬೇಬಿಯ ತಲೆಯೂ ಅರ್ಧ ಮರಗಟ್ಟಿತ್ತೋ ಏನೋ, ಆಗ ಏನೂ ಹೊಳೆಯಲಿಲ್ಲ.

ಮನೆಯ ಬಾಗಿಲಲ್ಲಿ ಅಣ್ಣ ಕಾಯುತ್ತಾ ನಿಂತಿದ್ದ. ನರ್ಸಮ್ಮ ಆಗಲೇ ಬಂದು ರೋಗಿ ಪರಾರಿಯಾದ ಸುದ್ದಿ ಹೇಳಿಯಾಗಿತ್ತು. ಅಣ್ಣನ ಕಣ್ಣು ನೇರ ಸೀರೆಯ ಮೇಲಿನ ಕಲೆಗೆ ಹೋಯಿತು. ಹಳೆಯ ತಪಾಸಣೆಯ ಚಾಳಿಯಂತೆ ಅವನು ಸೆರಗಿನ ತುದಿಯನ್ನು ಮೂಗಿನ ಹತ್ತಿರ ತಂದ.

"ಕಾಫಿ," ಎಂದ. ಇನ್ನೊಮ್ಮೆ ಮೂಸಿದ. "ಮೀಸೆಯವನ ಅಂಗಡೀದು. ನಾಲ್ಕು ಗಂಟೆಯ ಮೊದಲ ಡಿಕಾಕ್ಷನ್."

ಬೇಬಿ ಸಹಾಯಕ್ಕಾಗಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ದೀರ್ಘವಾಗಿ ಉಸಿರೆಳೆದು, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನೋವಿನ ಮುಖ ಮಾಡಿದಳು.

"ನಾನು ಡಾಕ್ಟ್ರ ಹತ್ರ ತೋರಿಸ್ಕೊಂಡು ಬರ್ತಾ ಇದ್ದೆ ನೋಡಿ. ಆ ಗಲ್ಲಿ ದಾಟ್ತೀನಿ, ನಿಮ್ಮ ತಂಗಿ ಅಲ್ಲಿ ಕೂತಿದ್ದಾಳೆ. ಹಲ್ಲಿಗೆ ಸಿಮೆಂಟ್ ಹಾಕಿಸ್ಕೊಂಡ ಬಾಯಲ್ಲಿ ಹೋಟೆಲ್ ಕಾಫಿ. ನಾನೇ ಎಬ್ಬಿಸ್ಕೊಂಡು ಬಂದೆ."

ಬೇಬಿ ಹೇಳಬೇಕಾದದ್ದು ಬಹಳ ಇತ್ತು. ಬಾಯಿಂದ ಬಂದದ್ದು "ಅಹಿಗೆ ಕೂಡಾ" ಎಂಬುದು ಮಾತ್ರ. ನೋಡಿದೆಯಾ, ಮಾತಾಡೋಕೂ ಆಗುತ್ತಿಲ್ಲ ಎಂದು ಅಣ್ಣ ತೀರ್ಪು ಕೊಟ್ಟ. ನಾಳೆ ಬಸ್ಸು ಹತ್ತುವವರೆಗೂ ಅವಳಿಗೆ ಗಂಜಿ ಮತ್ತು ಉಗುರುಬೆಚ್ಚಗಿನ ನೀರು. ಮನೆಯ ಕಾಫಿಯೂ ಇಲ್ಲ. ಅದಕ್ಕಂತೂ ಬೇಬಿ ಬೇಸರಪಟ್ಟುಕೊಳ್ಳಲಿಲ್ಲ.

ಕೋಣೆಯಲ್ಲಿ ಒಬ್ಬಳೇ ಕೂತು ಸೀರೆ ಬದಲಿಸುವಾಗ ಅವಳೊಳಗಿನ ವಾರ್ಡನ್ ನಿಧಾನವಾಗಿ ಎಚ್ಚರಗೊಂಡಳು. ಹೋಟೆಲಿನ ಹೊಸಿಲು ತುಳಿದು ವರ್ಷಗಳಾದವು ಎನ್ನುವ ಮನುಷ್ಯನಿಗೆ ಅದು ಮೊದಲ ಡಿಕಾಕ್ಷನ್ ಎಂದು ಹೇಗೆ ತಿಳಿಯಿತು? ಕೆಂಪು ಪೆನ್ಸಿಲಿನ ಗೆರೆ. ಸೋಮವಾರದ ಗಿರಾಕಿ. ಸೋಮವಾರ ಮಂಡಿಗೆ ಕರೆಂಟು. ಅವಳು ರವಿಕೆಯ ಗುಂಡಿ ಹಾಕುವುದನ್ನು ಬಿಟ್ಟು ಮಂಚದ ಮೇಲೆ ಕೂತುಬಿಟ್ಟಳು.

ಬಾಗಿಲು ಸ್ವಲ್ಪ ತೆರೆಯಿತು. ಅತ್ತಿಗೆ ಉಗುರುಬೆಚ್ಚಗಿನ ನೀರಿನ ಲೋಟ ಹಿಡಿದು ಒಳಗೆ ಬಂದಳು. ಮುಖದಲ್ಲಿ ತಪ್ಪಿತಸ್ಥರ ಕಳೆಯೂ ಇತ್ತು, ತಡೆದುಕೊಂಡ ನಗೆಯೂ ಇತ್ತು. ಪಕ್ಕದಲ್ಲಿ ಕೂತು ಬೇಬಿಯ ಕೈ ಹಿಡಿದುಕೊಂಡಳು.

"ಬೇಜಾರು ಮಾಡ್ಕೋಬೇಡ ಕಣೇ. ನೀನು ನಾಳೆ ಹೋಗ್ತೀಯ, ನಾನು ಇಲ್ಲೇ ಬಾಳಬೇಕು. ಮುಂದಿನ ಸಲ ಬಂದಾಗ ಮಂಡಿನೋವು ಅಂತ ಹೇಳು. ಹಲ್ಲುನೋವು ನಂದು."

ಮಂಡಿನೋವು ಯಾರದೆಂದು ಹೇಳಿಬಿಡಲು ಬೇಬಿಯ ನಾಲಿಗೆ ತುರಿಸಿತು. ಆದರೆ ಆ ಒಂದು ಮಾತಿಗೆ ಒಂದೇ ಸಲ ಎರಡು ಕಾಫಿ ನಿಂತುಹೋಗುತ್ತವೆ. ಕಾಫಿ ಸಿಗದ ಸಂಕಟ ಎಂಥದೆಂದು ಈ ಹೊತ್ತು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ತುಟಿಯನ್ನು ಎಳೆದು, ತೀಡಿ, ಒಂದೊಂದೇ ಅಕ್ಷರ ಕೂಡಿಸಿ ಕೇಳಿದಳು.

"ಅತ್ತಿಗೆ, ಬೆನ್ನುನೋವು ಅಂದ್ರೆ ಆಗಲ್ವಾ?"

"ಅದು ನರ್ಸಮ್ಮಂದು," ಎಂದಳು ಅತ್ತಿಗೆ. "ಮಂಗಳವಾರ."